ಹೈಡ್ರೋಜನ್ ಬಲೂನಿನ ಕೆಳಗೆ ದೀಪ ಹಚ್ಚಿದವರಿಗೆ

ಪರ್ಯಾಯ ಇಂಧನ ಪ್ರಚಾರ ಸಮಿತಿಯ ಅಧ್ಯಕ್ಷರೇ,

ಕಳೆದ ವಾರ ಮಿಜಾರಿನ ನಮ್ಮ ಕಾಲೇಜಿನಲ್ಲಿ ಸಿಡಿದದ್ದು ನೀವು ತರಿಸಿದ ಬಲೂನುಗಳು. ನಿಮ್ಮ ವರದಿಯಲ್ಲಿ ಸಿಡಿದದ್ದು ನನ್ನ ಮಾಡೆಲ್. ಇಷ್ಟು ದೊಡ್ಡ ಸುಳ್ಳನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಮೊದಲು ಅಭಿನಂದನೆ.

ನಡೆದದ್ದನ್ನು ಈ ಬಹಿರಂಗ ಪತ್ರದ ಓದುಗರಿಗೂ ಹೇಳುತ್ತೇನೆ. ಅಂದು "ಶುದ್ಧ ಇಂಧನ" ವಸ್ತುಪ್ರದರ್ಶನದ ಉದ್ಘಾಟನೆ. ವೇದಿಕೆಯ ಹಿಂದೆ ಡೀಸೆಲ್ ಜನರೇಟರ್ ಹೊಗೆ ಕಾರುತ್ತಿತ್ತು. ನಿಮ್ಮ ಮೈಕಿಗೆ ಕರೆಂಟು ಬೇಕಲ್ಲ! ಮೊದಲು ದೀಪ ಬೆಳಗುವುದು, ಆಮೇಲೆ ಬಲೂನು ಹಾರಿಸುವುದು. ಬಲೂನಿಗೆ ಹೈಡ್ರೋಜನ್ ತುಂಬಿದ ಮಡಂತ್ಯಾರಿನ ಹನೀಫಾಕ ಗೊಂಚಲನ್ನು ಅಂಗಳದ ಇನ್ನೊಂದು ತುದಿಯ ಕಂಬಕ್ಕೆ ಕಟ್ಟಿದ್ದರು. ನೀವು ಅದನ್ನು ಬಿಚ್ಚಿಸಿ ದೀಪದ ಪಕ್ಕ ಕಟ್ಟಿಸಿದಿರಿ.

"ಸಾರ್, ಒಳಗೆ ಗ್ಯಾಸ್ ಉಂಟು. ಬೆಂಕಿ ಹತ್ರ ಬೇಡ" ಎಂದರು ಹನೀಫಾಕ.

"ದೀಪ, ಬಲೂನು, ನಾನು, ಮೂರೂ ಒಂದೇ ಫೋಟೋದಲ್ಲಿ ಬರ್ಬೇಕು ಮಾರಾಯ. ಬಲೂನು ಊದುವವ ನೀನು, ನನಗೆ ಸಯನ್ಸ್ ಹೇಳ್ಬೇಡ" ಎಂದಿರಿ.

"ಹಾಗಾದ್ರೆ ನಾನು ದೂರ ನಿಲ್ತೇನೆ ಸಾರ್. ನನಗೆ ಫೋಟೋ ಬೇಡ."

ಕೊನೆಯ ಬತ್ತಿ ಹಚ್ಚುವಾಗ ಗಾಳಿಗೆ ಗೊಂಚಲು ವಾಲಿತು. ಆಮೇಲೆ ನಮಗೆ ಕಂಡದ್ದು ಒಂದು ಬೆಂಕಿಯ ಉಂಡೆ, ಮತ್ತು ಹುಬ್ಬಿಲ್ಲದ ಅಧ್ಯಕ್ಷರು. ಪುಣ್ಯಕ್ಕೆ ಬೇರೆ ಯಾರಿಗೂ ಏನೂ ಆಗಲಿಲ್ಲ.

ಆಗ ನನ್ನ ಮಾಡೆಲ್ ಎಲ್ಲಿತ್ತು? ಒಳಗೆ ಲ್ಯಾಬಿನಲ್ಲಿ, ಹನ್ನೊಂದನೇ ಮೇಜಿನ ಮೇಲೆ. ನೀರಿನಿಂದ ಬೇರ್ಪಡಿಸಿದ ಒಂದು ಸಿರಿಂಜಿನಷ್ಟು ಹೈಡ್ರೋಜನ್, ಅದರಿಂದ ಹುಟ್ಟುವ ಕರೆಂಟಿನಲ್ಲಿ ತಿರುಗುವ ಆಟಿಕೆ ಫ್ಯಾನ್. ಹೊಗೆಯಿಲ್ಲ, ಕೊನೆಗೆ ಉಳಿಯುವುದು ಎರಡು ಹನಿ ನೀರು. ನೀವು ಹಣೆ ತಡವಿಕೊಳ್ಳುತ್ತಿದ್ದಾಗಲೂ ಅದು ತನ್ನಷ್ಟಕ್ಕೆ ತಿರುಗುತ್ತಿತ್ತು. ಆದರೆ "ಹೈಡ್ರೋಜನ್" ಎಂದು ಬೋರ್ಡು ಬರೆದಿಟ್ಟವಳು ನಾನೊಬ್ಬಳೇ. ಬಲೂನಿನ ಮೇಲೆ ಇದ್ದದ್ದು ನಿಮ್ಮ ಸಮಿತಿಯ ಹೆಸರು. ತಪ್ಪನ್ನು ಯಾರ ಮೇಲೆ ಹೊರಿಸುವುದು ಸುಲಭ?

ಈಗ ಕಾಲೇಜುಗಳಲ್ಲಿ ಹೈಡ್ರೋಜನ್ ಪ್ರಯೋಗವನ್ನೇ ನಿಲ್ಲಿಸಬೇಕೆಂದು ಶಿಫಾರಸು ಮಾಡಿದ್ದೀರಿ. ಹೈಡ್ರೋಜನ್ ಬೆಂಕಿ ಹಿಡಿಯುತ್ತದೆ, ಹೌದು ಸಾರ್. ಇಂಧನ ಅಲ್ಲವೇ? ಪೆಟ್ರೋಲ್ ಬಂಕಿನ ಉದ್ಘಾಟನೆಗೆ ಹೋದರೆ ಪಂಪಿನ ಪಕ್ಕ ದೀಪ ಹಚ್ಚುತ್ತೀರಾ? ಹಚ್ಚಿ ಸುಟ್ಟುಕೊಂಡರೆ ಪೆಟ್ರೋಲನ್ನು ನಿಷೇಧಿಸುತ್ತೀರಾ? ಚಾರ್ಮಾಡಿ ಘಾಟಿ ಹತ್ತುವ ಲಾರಿಯ ಹಿಂದೆ ಬಸ್ಸಿನ ಕಿಟಕಿ ತೆರೆದು ಒಮ್ಮೆ ಕೂತು ನೋಡಿ. ಯಾವುದನ್ನು ನಿಲ್ಲಿಸಬೇಕೆಂದು ನಿಮ್ಮ ಮೂಗೇ ಹೇಳೀತು.

ವರದಿ ಬಂದ ಮರುದಿನ ವಾರ್ಡನ್ ಶಶಿಪ್ರಭಾ ಮೇಡಂ ನನ್ನ ಮುಂದೆ ಟೈಪ್ ಮಾಡಿದ ಕಾಗದವೊಂದನ್ನು ಇಟ್ಟರು. "ನನ್ನ ಅಜಾಗರೂಕತೆಯಿಂದ ಅವಘಡವಾಯಿತು" ಎಂದಿತ್ತು.

"ಸಹಿ ಹಾಕಿಬಿಡು ಶಮ್ನಾ. ಶನಿವಾರದ ಒಳಗೆ ಹಾಕದಿದ್ರೆ ರೂಮ್ ಖಾಲಿ ಮಾಡಿಸ್ಲಿಕ್ಕೆ ಮೇಲಿಂದ ಹೇಳಿದ್ದಾರೆ."

"ನೀವೂ ಅಲ್ಲೇ ಇದ್ರಲ್ಲ ಮೇಡಂ?"

"ಇದ್ದೆ. ಅದಕ್ಕೇ ನಿನ್ನ ಮುಖ ನೋಡ್ಲಿಕ್ಕೆ ಆಗುವುದಿಲ್ಲ."

ನನ್ನ ಉಮ್ಮ, ಬಾಪ ಗಲ್ಫಿನಲ್ಲಿ. ಐದನೇ ಕ್ಲಾಸಿನಿಂದ ನನಗೆ ಹಾಸ್ಟೆಲ್ಲೇ ಮನೆ. ಎರಡು ಸಲ ಆ ಕಾಗದದ ಮೇಲೆ ಪೆನ್ನು ಇಟ್ಟದ್ದೂ ನಿಜ. ಆದರೆ ನಿಮ್ಮ ಹೇಡಿತನಕ್ಕೆ ನನ್ನ ಹೇಡಿತನ ಸಾಕ್ಷಿ ಹೇಳುವುದು ಬೇಡವೆನಿಸಿತು.

ವರದಿಯನ್ನು ಹಿಂಪಡೆಯಿರಿ. "ಗೊಂಚಲನ್ನು ದೀಪದ ಪಕ್ಕ ಕಟ್ಟಿಸಿದ್ದು ನಾನೇ" ಎಂದು ಬರೆದು, ಕೆಳಗೆ ನೀವೇ ಸಹಿ ಹಾಕಿ. ಶನಿವಾರ ಹತ್ತು ಗಂಟೆಗೆ ನಾನು ಆಫೀಸಿಗೆ ಕೊಡುವುದು ಆ ಕಾಗದವನ್ನಲ್ಲ, ಈ ಪತ್ರವನ್ನೇ. ಟ್ರಂಕನ್ನು ಶುಕ್ರವಾರವೇ ಕಟ್ಟಿಡುತ್ತೇನೆ.

ಇಂತಿ,
ಶನಿವಾರದವರೆಗೆ ಮಾತ್ರ ಹಾಸ್ಟೆಲ್‌ವಾಸಿ,
ಶಮ್ನಾ, ಫಸ್ಟ್ ಇಯರ್
ಮಿಜಾರು, ಡಿಸೆಂಬರ್ ೨೦೦೪