ಕೆರೆಯ ತಿರುವಿನಲ್ಲಿ ಅಪ್ಪನ ಕಾರು

೯ ಮಾರ್ಚ್, ಭಾನುವಾರ

ಅಪ್ಪನ ಮಾತು ಬೆಳಿಗ್ಗೆಯಿಂದ ಕೊರೆಯುತ್ತಿತ್ತು: "ಅರವತ್ತು ವರ್ಷದ ಕಾರನ್ನ ಕೆಡಿಸಿಬಿಟ್ಟೆ ಕಣೇ." ಮುಂದಿನ ಸ್ಪ್ರಿಂಗುಗಳನ್ನು ತೆಗೆದು ಬಿಗಿಯಾದವನ್ನು ಹಾಕಿದ್ದೇನೆ, ಶಾಕ್ ಅಬ್ಸಾರ್ಬರ್ ಹೊಸದು. ಕೆಟ್ಟಿಲ್ಲ, ನನಗೆ ಗೊತ್ತು.

ಹನ್ನೊಂದು ವರ್ಷದ ಹಿಂದೆ ಕೆರೆಯ ತಿರುವಿನಲ್ಲಿ ಇದೇ ಕಾರು ವಾಲಿ ಹಳ್ಳಕ್ಕಿಳಿದು ಅಮ್ಮನ ಭುಜ ಮುರಿದಿತ್ತು. ತಪ್ಪು ತಮ್ಮದೇ ಎಂದು ಅಪ್ಪ ಅಂದಿನಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ; ಕಾರು ಶೆಡ್ಡಿನಲ್ಲೇ ನಿಂತಿತ್ತು.

ಸಂಜೆ ಅಮ್ಮನೇ ಮೊದಲು ಹತ್ತಿ ನನ್ನ ಪಕ್ಕ ಕೂತಳು. "ಬರ್ತೀರೋ, ನಾವಿಬ್ರೇ ಹೋಗೋದೋ?" ಅಪ್ಪ ಗೊಣಗುತ್ತಲೇ ಹಿಂದೆ ಕೂತರು. ಕೆರೆಯ ತಿರುವನ್ನು ನಲವತ್ತರ ವೇಗದಲ್ಲೇ ತೆಗೆದುಕೊಂಡೆ. ಕಾರು ವಾಲಲಿಲ್ಲ, ನೆಲ ಕಚ್ಚಿಕೊಂಡು ಹೋಯಿತು. ಹಿಂದಿನಿಂದ ಅಪ್ಪನ ದನಿ ಬಂತು:

"ನಿಲ್ಸು. ಇಳಿ ಕೆಳಗೆ."

ಬೈಸಿಕೊಳ್ಳಲು ಸಿದ್ಧಳಾಗಿ ಇಳಿದೆ. ಅಪ್ಪ ಬಂದು ನನ್ನ ಜಾಗದಲ್ಲಿ ಕೂತರು, ನಾನು ಹಿಂದೆ ಹತ್ತಿದೆ. ಅವರು ಕಾರು ತಿರುಗಿಸಿ, ಅದೇ ತಿರುವಿನಲ್ಲಿ ಮೂರು ಸಲ ಹೋಗಿಬಂದರು.

"ಸಾಕ್ರೀ, ತಲೆ ಸುತ್ತುತ್ತೆ," ಎಂದಳು ಅಮ್ಮ.

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಅವತ್ತು ಸ್ಪ್ರಿಂಗೇ ಸೋತಿತ್ತು ಅಂತೀಯಾ?"

"ಬಿಚ್ಚಿದ್ದು ನಾನೇ ಅಲ್ವಾ ಅಪ್ಪ. ಎಡಗಡೇದು ಪೂರ್ತಿ ಕುಸಿದಿತ್ತು."

ಮನೆಯವರೆಗೂ ಅಪ್ಪನ ಒಂದು ಕೈ ಅಮ್ಮನ ಭುಜದ ಮೇಲಿತ್ತು. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿಯಿರಿ ಎನ್ನಬೇಕಿತ್ತು, ಬಾಯಿ ಬರಲಿಲ್ಲ. ಕಣ್ಣು ಎಳೆಯುತ್ತಿದೆ, ಇನ್ನು ಮಲಗುತ್ತೇನೆ.