ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಅಕ್ಕಾ,

ಅಂತೂ ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡು ಬಂದೆ. ಜೀವಮಾನವಿಡೀ ಸೂಜಿ ಹಿಡಿದವಳು ಒಂದು ಸೂಜಿಗೆ ಇಷ್ಟು ದಿನ ಮೀನಮೇಷ ಎಣಿಸಿದೆ ನೋಡು. "ಈ ವಯಸ್ಸಲ್ಲಿ ಬಂದ್ರೆ ತಡ್ಕೊಳ್ಳೋಕಾಗಲ್ಲ ಅತ್ತೆ" ಎಂದು ಸೊಸೆ ಹೇಳುತ್ತಲೇ ಇದ್ದಳು. ನನಗೆ ಗೊತ್ತಿಲ್ಲವೇ? ಸೊಂಟಕ್ಕೆ ಬಟ್ಟೆ ತಾಗಿದರೂ ಚೀರುತ್ತಿದ್ದ ನೀನು, ಆ ಉರಿಯಲ್ಲೂ "ಸರ್ಪ ನನ್ನ ಸುತ್ತಳತೆ ತಗೋತಿದೆ ಕಣೇ, ಟೇಪು ಕೊಡು" ಎಂದು ನಗಿಸಿದ್ದೆ. ಆಗ ಈ ಲಸಿಕೆಯ ಹೆಸರನ್ನೂ ನಾವು ಕೇಳಿರಲಿಲ್ಲ.

ನೀನು ಹೊಲಿದ ನೀಲಿ ಅಂಗಿಯನ್ನೇ ತೊಟ್ಟಿದ್ದೆ. ಎಷ್ಟು ಎಳೆದರೂ ತೋಳು ಮೇಲೇರಲಿಲ್ಲ. "ಸಡಿಲ ಬಟ್ಟೆ ಹಾಕ್ಕೊಂಡು ನಾಳೆ ಬನ್ನಿ ಅಮ್ಮ" ಎಂದಳು ನರ್ಸ್. ಬದುಕಿದೆಯಾ ಬಡಜೀವವೇ ಎಂದು ಎದ್ದೆ. ಬಾಗಿಲಲ್ಲಿ ನೆನಪಾಯಿತು: ನನ್ನ ಬಟ್ಟೆಗೆಲ್ಲ ನೀನು ಹೊಲಿಗೆಯೊಳಗೆ ಎರಡು ಬೆರಳಗಲ ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದೆ. "ಇರ್ಲಿ ಬಿಡು, ನೀನಿನ್ನೂ ಮೈ ತುಂಬ್ಕೋತೀಯ" ಎನ್ನುತ್ತಿದ್ದೆ. ತಿರುಗಿ ಬಂದು, ಕತ್ತರಿ ಕೇಳಿ, ತೋಳಿನ ಹೊಲಿಗೆ ನಾನೇ ಬಿಚ್ಚಿದೆ. ನರ್ಸ್ ನಕ್ಕಳು, ಅಷ್ಟರಲ್ಲಿ ಚುಚ್ಚಿಯೂ ಆಗಿತ್ತು.

ಈಗ ನೀನು ಬಿಟ್ಟುಹೋದ ಮಿಷನ್ನಿನ ಮುಂದೆ ಕುಳಿತು ಆ ತೋಳನ್ನು ಸಡಿಲ ಮಾಡಿ ಹೊಲಿಯುತ್ತಿದ್ದೇನೆ. ರಟ್ಟೆ ಕೊಂಚ ನೋಯುತ್ತಿದೆ, ಮನಸ್ಸು ಹಗುರಾಗಿದೆ. ಒಳಗಿದ್ದ ಬಟ್ಟೆಯ ನೀಲಿ ಇನ್ನೂ ಹೊಸದರಂತಿದೆ.

ನಿನ್ನ ಅಂಗಿಗಳ ಹೊಲಿಗೆಯನ್ನೂ ಬಿಚ್ಚಿ ನೋಡಿದೆ ಅಕ್ಕಾ. ಒಂದರಲ್ಲೂ ನೀನು ಹೆಚ್ಚಿಗೆ ಬಿಟ್ಟುಕೊಂಡಿರಲಿಲ್ಲ.