ದಿವಾಳಿ ಎಂದು ಗಟ್ಟಿಯಾಗಿ ಹೇಳಿದ ದಿನ

ಮಾರ್ಚ್ 12, 2011, ಶನಿವಾರ. ಟೊಲೀಡೊ.

ಗಂಡ ಕ್ಲಿಫ್ಟನ್ ಆಗಲೇ ಗೊರಕೆ ಹೊಡೆಯುತ್ತಿದ್ದಾನೆ. ನನಗೆ ಎಲ್ಲಿಯ ನಿದ್ದೆ? ಗೆದ್ದು ಬಂದಿದ್ದೇನೆ!

ಮನೆ ಬ್ಯಾಂಕಿನ ಪಾಲಾದ ಮೇಲೆ ಉಳಿದಿದ್ದ ಮನೆಸಾಲವನ್ನು ಕೋರ್ಟು ದಿವಾಳಿಯಲ್ಲಿ ರದ್ದು ಮಾಡಿತ್ತು. ಆದರೂ ನಮ್ಮ ಚರ್ಚಿನವರಿಗೆಲ್ಲ ತೆರಿಗೆ ಲೆಕ್ಕ ಬರೆದುಕೊಡುವ ವೆಂಡೆಲ್, ಆ ಸಾಲವನ್ನು ನಮ್ಮ ಆದಾಯಕ್ಕೆ ಸೇರಿಸಿ ದೊಡ್ಡ ತೆರಿಗೆ ತೋರಿಸಿದ್ದರು. ವಾರವಿಡೀ ಅದೇ ಕೊರೆತ. ಇವತ್ತು ಚರ್ಚಿನ ಹಾಲ್‌ನಲ್ಲಿ ಅವರೆದುರು ಕೂತು ಕೇಳಿಯೇಬಿಟ್ಟೆ.

"ಬ್ಯಾಂಕು ಬಿಟ್ಟುಕೊಟ್ಟ ಸಾಲ ಆದಾಯಾನೇ ಕಣಮ್ಮಾ. ಬ್ಯಾಂಕ್‌ನೋರು ಕರುಣೆ ತೋರಿಸಿದ್ರು ಅಂತ ಕ್ಲಿಫ್ಟನ್ನೇ ಹೇಳಿದ್ರಲ್ಲ?"

ಗಂಡನ ಮುಖ ನೋಡಿದೆ. ಟೋಪಿ ಹಿಂಡುತ್ತ ಕೂತಿದ್ದ. ಚರ್ಚಿನವರ ಕಿವಿಗೆ ಬೀಳದಿರಲಿ ಎಂದು ದಿವಾಳಿಯ ಮಾತನ್ನೇ ನುಂಗಿಬಿಟ್ಟಿದ್ದಾನೆ ಪುಣ್ಯಾತ್ಮ!

"ಎಂಥ ಕರುಣೆ, ಮಣ್ಣಂಗಟ್ಟಿ! ನಾವು ಕೋರ್ಟಿಗೆ ಹೋಗಿ ದಿವಾಳಿ ಎದ್ದಿದೀವಿ, ವೆಂಡೆಲ್ ಅವ್ರೇ!"

ಕಾಫಿ ಬಗ್ಗಿಸಿಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ವೆಂಡೆಲ್ ಹಣೆ ಚಚ್ಚಿಕೊಂಡರು. "ಅಯ್ಯೋ, ಮೊದಲೇ ಹೇಳ್ಬಾರದಿತ್ತಾ! ದಿವಾಳಿ ಆಗಿ ಕೋರ್ಟಲ್ಲಿ ರದ್ದಾದ ಸಾಲ ಆದಾಯಾನೇ ಅಲ್ಲ."

ಬೇರೊಂದು ಫಾರ್ಮು ತೆಗೆದು, ದಿವಾಳಿ ಎಂದಿದ್ದ ಚೌಕಕ್ಕೆ ಟಿಕ್ ಹಾಕಿದರು. ಆ ಸಾಲದ ಮೇಲಿನ ತೆರಿಗೆ ಸೊನ್ನೆ! ಆ ಸೊನ್ನೆಯಷ್ಟು ಚೆಂದದ್ದನ್ನು ನಾನು ಈ ವರ್ಷ ಕಂಡಿಲ್ಲ.

ನಾವು ಏಳುವಷ್ಟರಲ್ಲಿ ಚರ್ಚಿನ ಮುಖಂಡರಲ್ಲೊಬ್ಬರಾದ ಡೀಕನ್ ಏಮೊಸ್ ಮೆಲ್ಲಗೆ ಬಂದು, ಅತ್ತಿತ್ತ ನೋಡಿ, ವೆಂಡೆಲ್ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

"ಗಟ್ಟಿಯಾಗಿ ಹೇಳಿ ಡೀಕನ್," ಎಂದ ನನ್ನ ಗಂಡ, ಟೋಪಿ ತಲೆಗೇರಿಸುತ್ತ. "ದುಡ್ಡು ಉಳಿಯುತ್ತೆ."